ಬಿಳಿ ಕುದುರೆಯ ಗಂಜಿ

ಕುದುರೆ ವಾಂತಿ ಮಾಡಲಾರದು. ದೇವರು ಅದಕ್ಕೆ ಅಷ್ಟು ದೊಡ್ಡ ಹೊಟ್ಟೆ ಕೊಟ್ಟು, ತಿನ್ನಬಾರದ್ದನ್ನು ತಿಂದಾಗ ಹೊರಹಾಕುವ ದಾರಿಯನ್ನು ಮಾತ್ರ ಕೊಡಲಿಲ್ಲ. ನಾಯಿ ಕಸ ತಿಂದರೆ ಮೂಲೆಗೆ ಹೋಗಿ ಕಕ್ಕಿ ಬರುತ್ತದೆ. ಕುದುರೆಯ ಬಾಯಿಂದ ಒಳಗೆ ಹೋದದ್ದು ಹೋಯಿತು, ಮುಂದಿನದು ಅದರ ಹಣೆಬರಹ. ಇಷ್ಟು ತಿಳಿದ ಮನುಷ್ಯ ಕುದುರೆಯ ಮೂತಿಯ ಮುಂದೆ ಕೈ ಚಾಚುವ ಮೊದಲು ಒಂದು ಗಳಿಗೆ ಯೋಚಿಸಬೇಕು. ಪುಣೆಯಲ್ಲಿ ಹಾಗೆ ಯೋಚಿಸಿದವರನ್ನು ನಾನು ಕಂಡಿಲ್ಲ. ಇಲ್ಲಿ ಮದುವೆ ಮೆರವಣಿಗೆಯ ಕುದುರೆಗೆ ಗ್ಲೂಕೋಸ್ ಬಿಸ್ಕೀಟು ತಿನ್ನಿಸುತ್ತಾರೆ, ಕೇಕು ತಿನ್ನಿಸುತ್ತಾರೆ, ವಡಾಪಾವಿನ ಪಾವು ಅದಕ್ಕೆ ಕೊಟ್ಟು ವಡೆಯನ್ನು ತಾವು ತಿನ್ನುತ್ತಾರೆ. ಫೋಟೋ ತೆಗೆದಾದ ಮೇಲೆ ಕೈ ಒರೆಸಿಕೊಂಡು ಊಟದ ಸಾಲಿಗೆ ಹೋಗುತ್ತಾರೆ.

ಮಾರ್ಕೆಟ್ ಯಾರ್ಡಿನಲ್ಲಿ ನಮ್ಮದು ಪಶು ಆಹಾರದ ಅಂಗಡಿ. ವಿಜಯಪುರದ ಕಡೆಯಿಂದ ಬಂದ ನಮ್ಮಪ್ಪ ಟಾಂಗಾಗಳಿದ್ದ ಕಾಲದಲ್ಲಿ ಹಾಕಿದ್ದು. ಅಪ್ಪ ಕುದುರೆಯ ಲದ್ದಿ ನೋಡಿ ಅದರ ವಯಸ್ಸು, ಅದರ ಯಜಮಾನನ ಬುದ್ಧಿ ಎರಡನ್ನೂ ಹೇಳುತ್ತಿದ್ದರು. ನಾನು ಅವರ ಹಿಂದೆ ನಿಂತು ಕಲಿತವನು. ಈಗ ಅಂಗಡಿಯ ಮುಂಭಾಗವೆಲ್ಲ ನಾಯಿ ಬೆಕ್ಕುಗಳ ಪೊಟ್ಟಣ. ಅದನ್ನು ನನ್ನ ಮಗ ನೋಡುತ್ತಾನೆ. ಗಿರಾಕಿಗಳು ಬಂದು ತಮ್ಮ ನಾಯಿಗೆ ಗೋಧಿ ಆಗಿಬರುವುದಿಲ್ಲ ಎಂದು, ಸೊಸೆಯ ಮೇಲೆ ದೂರು ಹೇಳುವ ದನಿಯಲ್ಲಿ ಹೇಳುತ್ತಾರೆ. ನಾನು ಹಿಂದಿನ ಗೋದಾಮಿನಲ್ಲಿ ಕಡಲೆ, ಜವೆಗೋಧಿ, ಹುರಳಿ, ಬೂಸಾದ ಚೀಲಗಳ ನಡುವೆ ಕೂತಿರುತ್ತೇನೆ. ಅಲ್ಲಿಗೆ ಬರುವ ಗಿರಾಕಿಗಳು ಬೆರಳೆಣಿಕೆ. ಬಂದವರಿಗೆಲ್ಲ ನಾನು ಬೈದಿದ್ದೇನೆ.

ಯಾಕೆ ಬೈಯಬಾರದು? ಕುದುರೆಗೆ ಒಂದೊಂದು ವಯಸ್ಸಿಗೆ ಒಂದೊಂದು ಊಟ. ಇದು ನಮ್ಮ ಮನೆಯ ಮಕ್ಕಳಿಗೂ ಮುದುಕರಿಗೂ ಇರುವ ವ್ಯವಸ್ಥೆಯೇ. ಆದರೆ ಜನ ಕೂಸಿಗೆ ರೊಟ್ಟಿ ಮುರಿದು ಹಾಕುವುದಿಲ್ಲ, ಕುದುರೆಯ ಮರಿಗೆ ಮಾತ್ರ ಕಾಳು ಸುರಿಯುತ್ತಾರೆ. ಫಾರ್ಮ್‌ಹೌಸ್ ಇದ್ದ ಒಬ್ಬ ಬಿಲ್ಡರ್ ತನ್ನ ಕುದುರೆಯ ಮರಿ ಬೇಗ ದೊಡ್ಡದಾಗಲಿ ಎಂದು ವರ್ಷ ತುಂಬುವ ಮೊದಲೇ ಅದರ ಮೂತಿಗೆ ಹೊತ್ತುಹೊತ್ತಿಗೆ ತೋಬ್ರಾ ಚೀಲ ಕಟ್ಟಿ ಕಡಲೆ ತಿನ್ನಿಸಿದ. ಅಂತಸ್ತಿನ ಮೇಲೆ ಅಂತಸ್ತು ಏರಿಸಿ ರೂಢಿಯಾದವನು. ಮರಿಯ ಮೈ ಬೆಳೆಯಿತು, ಎಲುಬು ಅದರ ಜೊತೆ ಬರಲಿಲ್ಲ. ಮೊಣಕಾಲ ಗಂಟುಗಳು ಬಾತು, ಅದು ಸೊಟ್ಟಗಾಲು ಹಾಕಿತು. ನಾನು ನೋಡಲು ಹೋದಾಗ ಅವನು ಮರಿಯ ಎತ್ತರವನ್ನೇ ತೋರಿಸುತ್ತಿದ್ದ. ತಾಯಿಗೆ ಚೆನ್ನಾಗಿ ಹಾಕು, ಮರಿ ಹಾಲು ಕುಡಿದು ಹುಲ್ಲು ಕಚ್ಚುತ್ತ ನಿಧಾನವಾಗಿ ಬೆಳೆಯಲಿ ಎಂದರೆ, ನಿಧಾನ ಎಂಬ ಮಾತೇ ಅವನಿಗೆ ಅಪಶಕುನ.

ಹಡಪ್ಸರದ ಕಡೆಯ ಇನ್ನೊಂದು ಮನೆಯಲ್ಲಿ ಕುದುರೆ ಈದಿತ್ತು. ಮನೆಯ ಹೆಂಗಸರು ಬಾಣಂತಿ ಎಂದು ಅದಕ್ಕೆ ಅಂಟಿನ ಉಂಡಿ ಕಟ್ಟಿ ತಿನ್ನಿಸಿದರು. ಕೊಬ್ಬರಿ, ಉತ್ತತ್ತಿ, ತುಪ್ಪ, ಅಂಟು, ಎಲ್ಲ ಹಾಕಿದ ಉಂಡಿ. ಅವರ ಕಣ್ಣಲ್ಲಿ ನೀರಿತ್ತು, ಅಷ್ಟು ಪ್ರೀತಿ. ಕುದುರೆ ಹೊಟ್ಟೆ ಉಬ್ಬಿ ನೆಲಕ್ಕೆ ಬಿದ್ದು ಹೊರಳಾಡಿತು. ಅದು ಬದುಕಿದ್ದು ಡಾಕ್ಟರ ಪುಣ್ಯ. ಮದುವೆಯ ಕುದುರೆ ಇಟ್ಟುಕೊಂಡವರಂತೂ ಆಷಾಢ ಏಕಾದಶಿಯ ನಂತರ ಮದುವೆ ನಿಂತು ಕುದುರೆ ಕಟ್ಟಿದಲ್ಲೇ ನಿಂತಿದ್ದರೂ ಹಂಗಾಮಿನಲ್ಲಿ ಕೊಟ್ಟಷ್ಟೇ ಕಾಳು ಕೊಡುತ್ತಾರೆ. ದುಡಿಮೆ ಇಲ್ಲದಾಗ ಕಾಳು ಇಳಿಸಬೇಕು, ಹುಲ್ಲು ಏರಿಸಬೇಕು. ಎಷ್ಟು ಸಲ ಹೇಳಿದರೂ, ಪಾಪ ಮೂಕ ಪ್ರಾಣಿ ಎನ್ನುತ್ತಾರೆ. ಇವರ ಕನಿಕರಕ್ಕೆ ಬಲಿಯಾದಷ್ಟು ಕುದುರೆಗಳು ಚಾಟಿಯೇಟಿಗೆ ಬಲಿಯಾಗಿಲ್ಲ.

ಹೀಗೆ ಎಲ್ಲರನ್ನೂ ಮೂಗು ಮುರಿದು ನೋಡುತ್ತಿದ್ದ ನನಗೆ ಇಡೀ ಊರಿನಲ್ಲಿ ಹಿಡಿಸುತ್ತಿದ್ದ ಕುದುರೆಯವನು ಒಬ್ಬನೇ. ಕೊಂಢವಾದಲ್ಲಿದ್ದ ಅವನು ಸಿಂದಗಿಯ ಕಡೆಯವನು, ನನಗಿಂತ ಹತ್ತು ಹನ್ನೆರಡು ವರ್ಷ ಸಣ್ಣವನು. ಅವನ ಬಳಿ ಇದ್ದದ್ದು ಒಂದು ಬಿಳಿ ಹೆಣ್ಣು ಕುದುರೆ. ಹಾಲು ಬಿಟ್ಟ ಹೊಸದರಲ್ಲಿ ತಂದು ತಾನೇ ಸಾಕಿದ್ದ. ಇಪ್ಪತ್ತು ವರ್ಷ ಅದರ ಬೆನ್ನ ಮೇಲೆ ಈ ಊರಿನ ಮದುಮಕ್ಕಳನ್ನು ಕೂರಿಸಿ ತಿರುಗಿಸಿದ್ದ. ಅವನಿಗೆ ಸಂಸಾರವಿರಲಿಲ್ಲ. ಕುದುರೆಯನ್ನು ಬಾಯಿ ಎನ್ನುತ್ತಿದ್ದ, ಮರಾಠಿಯಲ್ಲಿ ಮನೆಯ ಹೆಂಗಸಿಗೆ ಹೇಳುವ ಹಾಗೆ. ನನ್ನ ಮಾತನ್ನು ಕೈ ಕಟ್ಟಿ ನಿಂತು ಕೇಳುತ್ತಿದ್ದ. ಅವನು ನನಗೆ ಹಿಡಿಸುತ್ತಿದ್ದುದು ಅದಕ್ಕೇ ಎಂದು ಈಗ ಅನ್ನಿಸುತ್ತದೆ.

ಆ ಕುದುರೆಗೆ ವಯಸ್ಸಾಯಿತು. ಇಪ್ಪತ್ತೈದರ ಹತ್ತಿರ ಬಂತು. ಬೆನ್ನು ಜೋತು, ಪಕ್ಕೆಲುಬು ಎಣಿಸುವಂತಾಯಿತು. ಆ ಹೊತ್ತಿಗೆ ಬಂದವನು ಎಂಜಿನಿಯರು.

ತುಮಕೂರಿನ ಕಡೆಯವನು, ಮಗರಪಟ್ಟಾದ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ಹೆಂಡತಿ ಪುಣೆಯಲ್ಲಿ ನೆಲೆಸಿದ ರಾಜಸ್ಥಾನದ ಮನೆತನದವಳು. ಅವರ ಪದ್ಧತಿಯಂತೆ ಇವನು ತನ್ನ ಮದುವೆಯಲ್ಲಿ ಇದೇ ಬಿಳಿ ಕುದುರೆಯ ಮೇಲೆ ಕೂತಿದ್ದನಂತೆ. ಏಳು ವರ್ಷದ ಮೇಲೆ ಕೊಂಢವಾದ ರಸ್ತೆಯಲ್ಲಿ ಎಲುಬಿನ ಹಂದರವಾಗಿ ನಿಂತ ಅದನ್ನು ಕಂಡು ಕಾರು ನಿಲ್ಲಿಸಿದ. ನನ್ನನ್ನು ಹೊತ್ತ ಪ್ರಾಣಿ ಎಂದು ಕರುಳು ಚುರ್ರೆಂದಿತು. ಕೊಂಢವಾ ದಾಟಿ ಗುಡ್ಡದ ಬುಡದಲ್ಲಿ ಸವಾರಿ ಕಲಿಸುವ ಒಂದು ಜಾಗವಿದೆ. ಅಲ್ಲಿ ಲಾಯದ ಒಂದು ಖಾನೆ ಹಿಡಿದ. ಕುದುರೆ ಇನ್ನು ಮದುವೆಗೆ ಹೋಗುವುದು ಬೇಡ, ಖರ್ಚು ತನ್ನದು, ಕುದುರೆಯವನು ಅಲ್ಲೇ ಇದ್ದು ಅದನ್ನು ನೋಡಿಕೊಳ್ಳಲಿ ಎಂದ. ಕುದುರೆಯವನು ನನ್ನ ಅಂಗಡಿಗೆ ಬಂದು ಇದನ್ನು ಹೇಳುವಾಗ ಎರಡು ಸಲ ಮೇಲೆ ನೋಡಿ ಕೈ ಮುಗಿದ. ನನಗೆ ನಗು ಬಂತು. ಕಾರಿನ ಗಾಜು ಇಳಿಸಿ ಬರುವ ಕರುಣೆಯ ಮೇಲೆ ನನಗೆ ಎಂದೂ ನಂಬಿಕೆ ಇರಲಿಲ್ಲ.

"ಎಲ್ಲಾ ಚಲೋ ಆತ್ರಿ ಸಾವಕಾರ್ರ, ಆದ್ರ ಬಾಯಿ ಭಾಳ ಸೊರಗ್ಯಾಳ್ರಿ. ಎಷ್ಟ್ ಹಾಕಿದ್ರೂ ಮೈ ಹತ್ತವಲ್ದು. ಯಾರದೋ ದೃಷ್ಟಿ ತಾಗ್ಯದ," ಎಂದ.

"ದೃಷ್ಟಿ ಅಲ್ಲೋ ಮಾರಾಯಾ, ಹಲ್ಲು. ಲದ್ದಿ ನೋಡೀಯೇನು?"

ನಾನೇ ಹೋಗಿ ನೋಡಿದೆ. ಲದ್ದಿಯಲ್ಲಿ ಕಡಲೆ ಇಡಿಯಾಗಿ ಬಿದ್ದಿತ್ತು, ಮೊಳಕೆ ಹಾಕಬಹುದಿತ್ತು. ಅರ್ಧ ಅಗಿದ ಹುಲ್ಲಿನ ಉಂಡೆಗಳು ಗೋದಲೆಯ ಮುಂದೆ ಉದುರಿದ್ದವು. ಹಲ್ಲು ಸವೆದ ಕುದುರೆಗೆ ಕಾಳು ಹೆಚ್ಚಿಸುವುದೆಂದರೆ ಬೊಚ್ಚುಬಾಯಿಯ ಅಜ್ಜಿಯ ಮುಂದೆ ಚಕ್ಕುಲಿಯ ಡಬ್ಬಿ ಇಟ್ಟ ಹಾಗೆ. ಅಪ್ಪನ ಗಂಜಿ ಮಾಡುವುದನ್ನು ಅವನಿಗೆ ಹೇಳಿಕೊಟ್ಟೆ. ಬೂಸಾ, ಬೇಯಿಸಿದ ಜವೆಗೋಧಿ, ಒಂದು ಹಿಡಿ ಅಗಸಿ, ಉಪ್ಪು, ಮೇಲೆ ದೊಡ್ಡ ಹೆಂಟೆ ಬೆಲ್ಲ ಕರಗಿಸಿ ಬೆಚ್ಚಗೆ ಕೊಡಬೇಕು. ಟಾಂಗಾ ಎಳೆದು ಹಣ್ಣಾದ ಕುದುರೆಗಳು ಈ ಗಂಜಿಯ ಮೇಲೆ ವರ್ಷಗಟ್ಟಲೆ ಬದುಕಿದ್ದನ್ನು ನಾನು ಕಂಡಿದ್ದೆ. ಎರಡು ತಿಂಗಳಲ್ಲಿ ಬಿಳಿ ಕುದುರೆಯ ಪಕ್ಕೆಲುಬು ಮುಚ್ಚಿದವು. ಹೊಟ್ಟೆ ದುಂಡಗಾಯಿತು. ಎಂಜಿನಿಯರು ನನ್ನ ಕೈ ಹಿಡಿದು ಅಲುಗಾಡಿಸಿ ಥ್ಯಾಂಕ್ಸ್ ಎಂದ. ನಾನು ದೊಡ್ಡ ಮನಸ್ಸು ಮಾಡಿ ತಲೆ ಆಡಿಸಿದೆ.

ಬೇಸಿಗೆ ಬಂತು. ಬೇರೆ ಕುದುರೆಗಳು ಚಳಿಗಾಲದ ಕೂದಲು ಉದುರಿಸಿ ನುಣ್ಣಗೆ ಹೊಳೆಯುತ್ತಿದ್ದರೆ ಬಿಳಿ ಕುದುರೆಯ ಮೈಮೇಲೆ ಕೂದಲು ಉದ್ದುದ್ದ ಬೆಳೆದು ಗುಂಗುರಾಯಿತು. ಏಪ್ರಿಲ್ ತಿಂಗಳ ಬಿಸಿಲಲ್ಲಿ ಕಂಬಳಿ ಹೊದ್ದಂತೆ ನಿಂತಿರುತ್ತಿತ್ತು. ಲಾಯಕ್ಕೆ ಬಂದವರಿಗೆಲ್ಲ ನಾನು ಆ ಕೂದಲನ್ನು ಬೆರಳಲ್ಲಿ ಎತ್ತಿ ತೋರಿಸುತ್ತಿದ್ದೆ. ಮುದಿ ಕುದುರೆಗೆ ಹೀಗೆ ಕೂದಲು ಬರಬೇಕಾದರೆ ಒಳಗೆ ಎಷ್ಟು ಸತ್ವ ಹೋಗಿರಬೇಕು ನೋಡಿ ಎನ್ನುತ್ತಿದ್ದೆ. ಕುದುರೆ ಬಕೆಟ್‌ಗಟ್ಟಲೆ ನೀರು ಕುಡಿಯುತ್ತಿತ್ತು, ಖಾನೆಯ ನೆಲ ಯಾವಾಗಲೂ ಒದ್ದೆ. ಬೇಸಿಗೆ, ಕುಡಿಯಲಿ ಎಂದೆ.

ಎಂಜಿನಿಯರು ಸುಮ್ಮನಿರಲಿಲ್ಲ. ರಾತ್ರಿಯೆಲ್ಲ ಮೊಬೈಲ್ ನೋಡುವ ಜಾತಿ. ಕುದುರೆ ಡಾಕ್ಟರನ್ನು ಕರೆಸಿ ರಕ್ತ ತೆಗೆಸಿದ. ಒಂದು ಭಾನುವಾರ ನಾನು ಲಾಯದಲ್ಲಿದ್ದಾಗ ಕಾಗದ ಹಿಡಿದುಕೊಂಡು ಬಂದ.

"ಅಂಕಲ್, ಅವಳ ಕೂದಲು ಉದುರದೇ ಇರೋದು ಹೆಲ್ತ್ ಅಲ್ವಂತೆ. ಹಾರ್ಮೋನ್ ಪ್ರಾಬ್ಲಮ್. ವಯಸ್ಸಾದ ಕುದುರೆಗಳಿಗೆ ಬರುತ್ತಂತೆ. ಸ್ವೀಟ್ ಕೊಟ್ರೆ ಕಾಲಿಗೆ ಬರುತ್ತೆ ಅಂದ್ರು ಡಾಕ್ಟ್ರು. ಇನ್ಮೇಲೆ ಬೆಲ್ಲ ಕಂಪ್ಲೀಟ್ ಸ್ಟಾಪ್. ಜವೆಗೋಧಿ, ಕಡಲೆ, ಬೂಸಾ ಕೂಡ ಬೇಡ."

"ಮತ್ತ ಏನ್ ತಿನ್ನಬೇಕ್ರಿ ಸಾಹೇಬ್ರ, ಗಾಳಿ?"

"ಕಟ್ ಮಾಡಿದ ಒಣಹುಲ್ಲು, ನೀರಲ್ಲಿ ನೆನೆಸಿ. ಆ ನೀರು ಚೆಲ್ಲಿಬಿಡಬೇಕು, ಹುಲ್ಲಲ್ಲಿರೋ ಶುಗರ್ ಹೋಗುತ್ತೆ. ಸ್ವಲ್ಪ ಕುದುರೆ ಮೆಂತೆ ಸೊಪ್ಪು, ಅಗಸೆ, ಉಪ್ಪು. ಮತ್ತೆ ದಿನಾ ಒಂದು ಮಾತ್ರೆ."

ನಾನು ಗಟ್ಟಿಯಾಗಿ ನಕ್ಕೆ. ಹುಲ್ಲನ್ನು ತೊಳೆದು ಸತ್ವವನ್ನೆಲ್ಲ ಮೋರಿಗೆ ಚೆಲ್ಲಿ, ಉಳಿದ ಸಿಪ್ಪೆಯನ್ನು ಕುದುರೆಗೆ ಹಾಕುವ ಜಾಣನನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಕುದುರೆಗೂ ಸಕ್ಕರೆ ಕಾಯಿಲೆ ಹಚ್ಚಿಬಿಟ್ಟರಲ್ಲ, ಇನ್ನು ಅದನ್ನು ಬೆಳಗಿನ ವಾಕಿಂಗಿಗೂ ಕರೆದುಕೊಂಡು ಹೋಗಿ ಎಂದೆ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗದವರನ್ನು ಕಂಡರೆ ನನಗೆ ಇನ್ನೂ ಮೈ ಉರಿಯುತ್ತದೆ. ಏನು ಎಷ್ಟು ತೂಕ, ಎಷ್ಟು ಹೊತ್ತಿಗೆ ಎಂಬ ಚಾರ್ಟನ್ನು ಖಾನೆಯ ಬಾಗಿಲಿಗೆ ಅಂಟಿಸಿದ. ಆಮೇಲೆ ಕುದುರೆಯವನ ಕಡೆ ತಿರುಗಿ, ಅಷ್ಟೇ ತಣ್ಣಗೆ, ಚಾರ್ಟ್ ಬಿಟ್ಟು ಬೇರೆ ಏನಾದರೂ ಕೊಟ್ಟದ್ದು ಗೊತ್ತಾದರೆ ನೀವು ಇಲ್ಲಿ ಇರುವುದಕ್ಕೆ ಆಗುವುದಿಲ್ಲ ಎಂದ. ಕುದುರೆಯವನು ಆತ್ರಿ ಎಂದ. ಆ ಕುದುರೆ ಬಿಟ್ಟರೆ ಅವನಿಗೆ ಈ ಊರಲ್ಲಿ ಯಾರೂ ಇರಲಿಲ್ಲ. ಅವನನ್ನು ಹೆದರಿಸಲು ಅಷ್ಟು ಸಾಕಾಗಿತ್ತು.

ನನಗೆ ಸಾಕಾಗಲಿಲ್ಲ. ನಲವತ್ತು ವರ್ಷ ಕುದುರೆಗಳ ಹೊಟ್ಟೆ ನೋಡಿದ ನಾನು, ಮೊನ್ನೆ ಮೊನ್ನೆ ಮೊಬೈಲಿನಲ್ಲಿ ಕುದುರೆ ಕಂಡವನ ಚಾರ್ಟಿಗೆ ತಲೆ ಬಾಗಿಸಬೇಕೇ? ಮಳೆಗಾಲದ ಉದ್ದಕ್ಕೂ ವಾರಕ್ಕೆ ಎರಡು ಮೂರು ಸಲ, ಅವನು ಆಫೀಸಿನಲ್ಲಿರುವ ಹೊತ್ತು ನೋಡಿ, ಸ್ಕೂಟರಿನ ಮುಂದೆ ಗಂಜಿಯ ಡಬ್ಬಿ ಇಟ್ಟುಕೊಂಡು ಲಾಯಕ್ಕೆ ಹೋಗುತ್ತಿದ್ದೆ. ನನ್ನ ಹೆಂಡತಿ ಒಲೆಯ ಮೇಲೆ ಜವೆಗೋಧಿ ಬೇಯಿಸುತ್ತ, ಡಾಕ್ಟರೇ ಬೇಡ ಅಂದ ಮೇಲೆ ನಿಮಗ್ಯಾಕೆ ಈ ಉಸಾಬರಿ ಎಂದು ಕೇಳಿದ್ದಳು. ಅವಳಿಗೂ ಬೈದಿದ್ದೆ.

ಮೊದಲ ದಿನ ಕುದುರೆಯವನು ಬಾಗಿಲಲ್ಲಿ ಅಡ್ಡ ನಿಂತ. ನನಗೆ ಅಡ್ಡ ನಿಂತದ್ದು ಅದೊಂದೇ ಸಲ.

"ಸಾವಕಾರ್ರ, ಸಾಹೇಬ್ರು ಬ್ಯಾಡ ಅಂದಾರ್ರಿ. ಗೊತ್ತಾದ್ರ ನನ್ನ ಹೊರಗ ಹಾಕ್ತಾರ."

"ಯಾರ್ ಹೇಳ್ತಾರೋ ಅವಂಗ? ನೀ ಹೇಳ್ತೀಯೋ, ನಾ ಹೇಳ್ತೀನೋ? ಬಾಯಿ ಬಡವಾಗಿ ಸಾಯ್ಲಿ ಅಂತೀಯೇನು?"

ಅವನು ಸರಿದು ನಿಂತ. ಕುದುರೆ ನನ್ನ ಸ್ಕೂಟರಿನ ಸದ್ದಿಗೇ ಕಿವಿ ನೆಟ್ಟಗೆ ಮಾಡಿ ಮೂತಿ ಹೊರಗೆ ಚಾಚಿತ್ತು. ಡಬ್ಬಿಯೊಳಗೆ ಮೂತಿ ಇಟ್ಟರೆ ತಳ ನೆಕ್ಕಿ ಮುಗಿಸುವವರೆಗೆ ಎತ್ತುತ್ತಿರಲಿಲ್ಲ. ಅದು ತಿನ್ನುವ ಸದ್ದು ಕೇಳುತ್ತ ನಿಲ್ಲುವುದು ನನಗೆ ಬಹಳ ಸುಖದ ಹೊತ್ತಾಗಿತ್ತು. ಅತ್ತ ಎಂಜಿನಿಯರು ಭಾನುವಾರ ಬಂದು, ಚಾರ್ಟ್ ವರ್ಕ್ ಆಗುತ್ತಿದೆ, ಕುದುರೆಯ ಮೈ ಇಳಿದಿಲ್ಲ ಎಂದು ಹಿಗ್ಗುತ್ತಿದ್ದ. ನಾನು ಕುದುರೆಯವನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದೆ. ಅವನು ನೆಲ ನೋಡುತ್ತಿದ್ದ.

ನವರಾತ್ರಿ ಬಂತು. ಖಂಡೇನವಮಿಗೆ ನಮ್ಮ ಕಡೆ ಆಯುಧ, ತಕ್ಕಡಿ, ಗಾಡಿಗಳ ಜೊತೆ ಕುದುರೆಗೂ ಪೂಜೆ. ಅರಿಸಿನ ಕುಂಕುಮ ಹಚ್ಚಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಆ ದಿನ ಅದಕ್ಕೆ ಮನೆಯ ನೈವೇದ್ಯವನ್ನೇ ಉಣಿಸುತ್ತಾರೆ. ಅಪ್ಪ ಇದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಎಂಜಿನಿಯರು ಹಬ್ಬಕ್ಕೆ ಊರಿಗೆ ಹೋಗಿದ್ದ. ನಾನು ನೆನೆಸಿದ ಕಡಲೆಯ ಒಂದು ಡಬ್ಬಿ, ಬೆಲ್ಲದ ಗಂಜಿಯ ದೊಡ್ಡ ಬಕೆಟ್ಟು, ಹೋಳಿಗೆಯ ಒಂದು ಅಟ್ಟಿ ತೆಗೆದುಕೊಂಡು ಹೋದೆ. ಮುದುಕಿ ಈ ಹಬ್ಬ ಕಂಡಳು, ಮುಂದಿನದು ಯಾರಿಗೆ ಗೊತ್ತು ಎಂದುಕೊಂಡು ಕೈಯಾರೆ ಒಂದೊಂದೇ ಹೋಳಿಗೆ ಮಡಚಿ ಬಾಯಿಗಿಟ್ಟೆ. ಅಂಟಿನ ಉಂಡಿ ತಿನ್ನಿಸಿದ ಹೆಂಗಸರಿಗೆ ಛೀಮಾರಿ ಹಾಕಿದ್ದ ಮನುಷ್ಯ ನಾನು. ಆ ಹೊತ್ತಿಗೆ ಅದು ನೆನಪಿಗೇ ಬರಲಿಲ್ಲ. ಅವರದು ದಡ್ಡತನ, ನನ್ನದು ಸಂಪ್ರದಾಯ.

ಮೂರನೆಯ ದಿನ ಮಧ್ಯಾಹ್ನ ಕುದುರೆಯವನ ಫೋನು ಬಂತು. ಬಾಯಿ ಹೆಜ್ಜೆ ಎತ್ತವಲ್ಲಳು ಎಂದ. ಹೋಗಿ ನೋಡಿದರೆ, ಕುದುರೆ ಮುಂಗಾಲೆರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಬೆಂಕಿಯ ಮೇಲೆ ನಿಂತ ಹಾಗೆ ನಿಂತಿತ್ತು. ಗೊರಸು ಮುಟ್ಟಿದೆ. ಸುಡುತ್ತಿತ್ತು. ಗೊರಸಿನ ಮೇಲಿನ ನಾಡಿ ಬೆರಳಿಗೆ ಬಡಿಯುತ್ತಿತ್ತು. ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಿಲ್ಲದವನಿಗಾದರೆ ಒಂದು ನೆಪವಿರುತ್ತಿತ್ತು.

ಎಂಜಿನಿಯರು ಊರಿಂದ ನೇರವಾಗಿ ಲಾಯಕ್ಕೆ ಬಂದ, ಡಾಕ್ಟರನ್ನೂ ಕರೆಸಿದ. ಡಾಕ್ಟರು ಮಾತಿಲ್ಲದ ಮರಾಠಿ ಮನುಷ್ಯ. ಮಂಜುಗಡ್ಡೆಯ ನೀರಲ್ಲಿ ಕಾಲು ನಿಲ್ಲಿಸಿದರು, ಖಾನೆಗೆ ದಪ್ಪಗೆ ಮರಳು ಹಾಕಿಸಿದರು. ಗೊರಸಿನ ಒಳಗಿನ ಎಲುಬು ಜಾರಿದೆ, ಎಷ್ಟು ದಿನವೋ ಹೇಳಲಾಗದು ಎಂದರು. ಆಮೇಲೆ ಮೂಲೆಯಲ್ಲಿದ್ದ ಬಕೆಟ್ಟನ್ನು ಬೂಟಿನಿಂದ ಓರೆ ಮಾಡಿ ನೋಡಿದರು. ತಳದಲ್ಲಿ ಒಣಗಿದ ಬೆಲ್ಲ, ಅದರ ತುಂಬ ಇರುವೆ.

"ಗೂಳ್ ಕೋಣೀ ದಿಲಾ?" ಎಂದರು. ಬೆಲ್ಲ ಕೊಟ್ಟವರು ಯಾರು?

ಖಾನೆಯಲ್ಲಿ ನಾವು ನಾಲ್ವರು. ಎಂಜಿನಿಯರು ನಮ್ಮಿಬ್ಬರ ಮುಖ ನೋಡಿದ. ಅವನ ಕಣ್ಣು ನನ್ನ ಮೇಲೆ ನಿಲ್ಲಲೂ ಇಲ್ಲ, ಹಾದು ಹೋಯಿತು. ತಿಳಿದವರು ಇಂಥದ್ದು ಮಾಡುವುದಿಲ್ಲ ಎಂಬ ಗೌರವ. ಕುದುರೆಯವನು ನನ್ನ ಕಡೆ ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ. ಹಿರಿಯರು ಬಾಯಿ ತೆರೆಯುತ್ತಾರೆ ಎಂದು ಕಾದ, ಅಷ್ಟೇ. ನಾನು ಕುದುರೆಯ ಕಾಲನ್ನು ನೋಡುತ್ತ ನಿಂತೆ.

"ನಾನ ಕೊಟ್ಟೀನ್ರಿ ಸಾಹೇಬ್ರ," ಎಂದ ಅವನು. "ಹಬ್ಬ ಇತ್ತಲ್ರಿ."

ಎಂಜಿನಿಯರಿಗೆ ಮೊದಲ ಸಲ ಸಿಟ್ಟು ಬಂದದ್ದನ್ನು ಕಂಡೆ. "ಎಷ್ಟು ಸಲ ಹೇಳಿದೀನಿ ನಿಮಗೆ? ಬರೆದು ಅಂಟಿಸಿದೀನಲ್ಲ? ನಿಮ್ಮ ಹಬ್ಬ, ನಿಮ್ಮ ಅಜ್ಞಾನ, ಅದಕ್ಕೆ ಒಂದು ಪ್ರಾಣಿ ಸಾಯಬೇಕಾ?" ಎಂದು ಕೂಗಾಡಿದ. ಓದು ಬರಹ ಇಲ್ಲದವರನ್ನು ನಂಬಿದ್ದು ತನ್ನದೇ ತಪ್ಪು ಎಂದ. ಒಂದೊಂದು ಮಾತೂ ನಾನು ನಲವತ್ತು ವರ್ಷ ಗಿರಾಕಿಗಳಿಗೆ ಆಡಿದ ಮಾತೇ. ಆಡುವಾಗ ಅದು ಎಲ್ಲಿ ತಾಗುತ್ತದೆ ಎಂದು ನೋಡಿರಲಿಲ್ಲ. ಕುದುರೆಯವನು ಕೈ ಕಟ್ಟಿ ನಿಂತು ಎಲ್ಲ ಕೇಳಿದ. ಕೊನೆಗೆ ಗೂಟಕ್ಕೆ ಹಾಕಿದ್ದ ತನ್ನ ಟವೆಲ್ಲು ತೆಗೆದುಕೊಂಡು, ಕುದುರೆಯ ಕತ್ತಿನ ಮೇಲೆ ಒಮ್ಮೆ ಕೈಯಿಟ್ಟು ಹೊರಟುಹೋದ. ಗೇಟಿನವರೆಗೆ ಹೋಗಲು ಅವನಿಗೆ ಎರಡು ನಿಮಿಷವಾದರೂ ಬೇಕಿತ್ತು. ನಾನು ಆಗಲೂ ಕರೆಯಬಹುದಿತ್ತು.

ಅವನು ಹೋದ ಮೇಲೆ ಎಂಜಿನಿಯರು ನನ್ನ ಹತ್ತಿರ ಬಂದ. "ಅಂಕಲ್, ಇನ್ಮೇಲೆ ದಯವಿಟ್ಟು ನೀವೇ ಸ್ವಲ್ಪ ನೋಡ್ಕೊಳ್ತೀರಾ? ನಿಮ್ಮಂಥವರ ಕೈಯಲ್ಲಿ ಕೊಡಬೇಕಿತ್ತು ಮೊದಲೇ."

"ಆಗ್ಲಿ," ಎಂದೆ.

ಆ ಒಂದು ಶಬ್ದ ಹೇಳಿದ ನನ್ನ ಬಾಯಿಗೆ ನಾನು ಎಷ್ಟು ಹೇಸುತ್ತೇನೆ ಎಂದು ಬರೆದರೆ ಮುಗಿಯುವುದಿಲ್ಲ. ಮರುದಿನದಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಲಾಯಕ್ಕೆ ಹೋದೆ. ಹುಲ್ಲು ಕತ್ತರಿಸಿ, ತೂಗಿ, ನೆನೆಸಿ, ನೀರು ಚೆಲ್ಲಿ ಹಾಕಿದೆ. ಮಾತ್ರೆಯನ್ನು ಕುದುರೆ ಮೆಂತೆಯಲ್ಲಿ ಸುತ್ತಿ ನುಂಗಿಸಿದೆ. ಕುದುರೆ ಚೇತರಿಸಿಕೊಂಡಿತು, ಪೂರ್ತಿ ಅಲ್ಲ. ನಾಲ್ಕು ಹೆಜ್ಜೆ ಹಾಕುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಸ್ಕೂಟರಿನ ಸದ್ದಿಗೆ ಕಿವಿ ನೆಟ್ಟಗೆ ಮಾಡಿ ಡಬ್ಬಿ ಹುಡುಕುತ್ತಿತ್ತು. ಡಬ್ಬಿ ಇಲ್ಲವೆಂದು ಕಂಡಾಗ ನನ್ನ ಹಿಂದೆ ನೋಡುತ್ತಿತ್ತು, ಇನ್ನೊಬ್ಬನು ಬರುತ್ತಾನೆಯೇ ಎಂದು.

ಆ ಇನ್ನೊಬ್ಬ ಕೊಂಢವಾದಲ್ಲಿ ಕಟ್ಟುತ್ತಿರುವ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಆಗಿದ್ದ. ದೀಪಾವಳಿ ಕಳೆದ ಮೇಲೆ ಒಂದು ದಿನ ನನ್ನ ಅಂಗಡಿಗೆ ಬಂದ. ಗೋದಾಮಿನ ಬಾಗಿಲಲ್ಲೇ ನಿಂತ. ಕುದುರೆಯ ಮೈ ತಿಕ್ಕುವ ಹಳೆಯ ಬ್ರಷ್ಷನ್ನು ಕಾಗದದಲ್ಲಿ ಸುತ್ತಿ ತಂದಿದ್ದ.

"ಇದರಲೆ ತಿಕ್ರಿ ಸಾವಕಾರ್ರ. ಕಬ್ಬಣದ್ದು ಅಕಿಗಿ ಸೇರೂದಿಲ್ಲ."

ಬ್ರಷ್ಷು ತೆಗೆದುಕೊಂಡೆ. ಅವನು ಹೋಗಲಿಲ್ಲ.

"ಒಮ್ಮಿ ಬಂದು ನೋಡಿ ಹೋಗಲೇನ್ರಿ? ಗೇಟಿನಾಗ ಬಿಡವಲ್ರು. ಸಾಹೇಬ್ರಿಗೆ ನೀವು ಒಂದ್ ಮಾತ್ ಹೇಳಿದ್ರ ಆಗ್ತದ."

ಯಾವ ಮಾತು ಹೇಳಬೇಕು ಎಂದು ಅವನು ಬಿಡಿಸಿ ಹೇಳಲಿಲ್ಲ. ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನೋಡೋಣ, ಹೇಳ್ತೀನಿ ಎಂದೆ. ಅವನಿಗೆ ಅಷ್ಟರಿಂದಲೇ ಸಮಾಧಾನವಾಯಿತು. ಎಂಜಿನಿಯರು ಭಾನುವಾರಕ್ಕೊಮ್ಮೆ ಸಿಗುತ್ತಿದ್ದ. ಪ್ರತಿ ಭಾನುವಾರ ನಾನು ಬಾಯಿ ತೆರೆದು ಹುಲ್ಲಿನ ಮಾತಾಡಿದೆ, ಮಾತ್ರೆಯ ಮಾತಾಡಿದೆ. ಅವನು ನನ್ನನ್ನು ಬಂದವರಿಗೆಲ್ಲ ತೋರಿಸಿ, ಈ ಅಂಕಲ್ ಇಲ್ಲದಿದ್ದರೆ ಅವಳು ಉಳಿಯುತ್ತಿರಲಿಲ್ಲ ಎನ್ನುತ್ತಿದ್ದ. ಮುಂದಿನ ವಾರ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ.

ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ಕುದುರೆ ಮಲಗಿತು. ಎರಡು ದಿನ ಹುಲ್ಲು ಮೂಸಲೂ ಇಲ್ಲ. ಕುದುರೆ ಮೆಂತೆಯ ಎಳೆ ಕುಡಿ ಹಿಡಿದೆ, ಮುಖ ತಿರುಗಿಸಿತು. ಇನ್ನು ಯಾವ ಚಾರ್ಟೂ ಬೇಡವೆಂದು ತಿಳಿದ ಮೇಲೆ ಅಂಗೈಯಲ್ಲಿ ಬೆಲ್ಲ ಇಟ್ಟು ಚಾಚಿದೆ. ಅದನ್ನೂ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಬಂದು ಕೊನೆಯ ಇಂಜೆಕ್ಷನ್ ಕೊಟ್ಟರು.

ಮಧ್ಯಾಹ್ನ ಕೊಂಢವಾಕ್ಕೆ ಹೋದೆ. ಕುದುರೆಯವನು ಬಿಲ್ಡಿಂಗಿನ ಕೆಳಗೆ ಸಿಮೆಂಟಿನ ಚೀಲಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು, ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ, ಕೂಡ್ರಿ ಸಾವಕಾರ್ರ ಎಂದ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು. ಎಲ್ಲಿ ಮಣ್ಣು ಮಾಡಿದರು ಎಂದು ಕೇಳಿದ, ಹೇಳಿದೆ. ಮೇಲೆ ಎಲ್ಲೋ ಟೈಲ್ಸ್ ಕತ್ತರಿಸುವ ಯಂತ್ರ ಕಿರುಚುತ್ತಿತ್ತು, ಅದು ನಿಂತ ಮೇಲೆ ಕೇಳಿದ.

"ಕಡೀಕ ಏನರೆ ತಿಂದಳೇನ್ರಿ?"

"ತಿಂದಳು," ಎಂದೆ. "ಹೊಟ್ಟಿ ತುಂಬ ತಿಂದಳು."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ನಿಮ್ಮ ಕೈಯಾಗ ಇದ್ದಳಲ್ರಿ," ಎಂದ. "ನನಗ ಆ ಚಿಂತಿ ಇರ್ಲಿಲ್ರಿ."